ಮಲಗುವ ಕೋಣೆಯ ಮೊಟ್ಟೆಗಳು

ಚಿಕ್ಕವನಿದ್ದಾಗ ಅಜ್ಜಿ ಕಾವಿಗಿಟ್ಟಿದ್ದ ಮೊಟ್ಟೆಯೊಂದನ್ನು ಕದ್ದು ಒಡೆದು ನೋಡಿ ಬೆನ್ನಿಗೆ ಗುದ್ದು ತಿಂದಿದ್ದೆ. ಒಳಗೆ ಮಿಡಿಯುತ್ತಿದ್ದ ಕೆಂಪು ಚುಕ್ಕೆ ಇನ್ನೂ ಕಣ್ಣಲ್ಲಿದೆ. ಅದಕ್ಕೇ ಏನೋ, ರೀಟಾ ಲೆವಿ-ಮೊಂತಾಲ್ಚಿನಿ ಕತೆ ಓದಿದಾಗ ನಮ್ಮೂರಿನದೇ ಅನ್ನಿಸಿತು.

ಈಕೆ ಇಟಲಿಯ ಟುರಿನ್‌ನಲ್ಲಿ 1909ರಲ್ಲಿ ಹುಟ್ಟಿದ ಯಹೂದಿ, ಓದಿದ್ದು ವೈದ್ಯಕೀಯ. 1938ರಲ್ಲಿ ಮುಸೊಲಿನಿಯ ಜನಾಂಗ ಕಾಯ್ದೆ ಬಂದು ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಸರಿ, ಮಲಗುವ ಕೋಣೆಯಲ್ಲೇ ಲ್ಯಾಬ್ ಹೂಡಿದಳು. ಹೊಲಿಗೆ ಸೂಜಿಗಳನ್ನೇ ಮಸೆದು ಉಪಕರಣ ಮಾಡಿಕೊಂಡಳು. ಬಾಂಬ್ ಬೀಳತೊಡಗಿದಾಗ ಲ್ಯಾಬ್ ಸಮೇತ ಹಳ್ಳಿಗೆ ಗುಳೆ. ಅಲ್ಲಿ ರೈತರ ಮನೆಗಳಿಗೆ ಹೋಗಿ 'ನನ್ನ ಮಕ್ಕಳಿಗೆ ಬೇಕು, ಹುಂಜ ಸೇರಿದ ಮೊಟ್ಟೆಯೇ ಪುಷ್ಟಿ' ಅಂತ ಕೇಳಿ ತರುತ್ತಿದ್ದಳಂತೆ. ಮಕ್ಕಳೇ ಇರಲಿಲ್ಲ! ಪ್ರಯೋಗ ಮುಗಿದ ಮೊಟ್ಟೆ ಮನೆಯವರಿಗೆ ಆಮ್ಲೆಟ್. ಗುಟ್ಟು ತಿಳಿದ ಮೇಲೆ ಅಣ್ಣ ಅದನ್ನು ಮುಟ್ಟಲಿಲ್ಲ.

ಪ್ರಯೋಗ ಏನಪ್ಪಾ ಅಂದ್ರೆ: ಕೋಳಿ ಭ್ರೂಣದಲ್ಲಿ ರೆಕ್ಕೆಯ ಮೊಗ್ಗನ್ನು ಕತ್ತರಿಸಿದರೆ ಅಲ್ಲಿಗೆ ಹೋಗಬೇಕಾದ ನರಕೋಶಗಳು ಕಡಿಮೆಯಾಗುತ್ತವೆ ಎಂದು ವಿಕ್ಟರ್ ಹ್ಯಾಂಬರ್ಗರ್ 1934ರಲ್ಲೇ ತೋರಿಸಿದ್ದರು. ರೆಕ್ಕೆಯಿಂದ ಬರಬೇಕಾದ ಪ್ರೇರಣೆ ಇಲ್ಲದೆ ಆ ಕೋಶಗಳು ರೂಪುಗೊಳ್ಳುವುದೇ ಇಲ್ಲ ಎಂದು ಅವರ ವಾದ. ರೀಟಾ ದಿನದಿನವೂ ಎಣಿಸಿದಳು. ರೂಪುಗೊಳ್ಳುತ್ತವೆ, ಬೆಳೆಯುತ್ತವೆ, ಆಮೇಲೆ ಸಾಯುತ್ತವೆ. ಅಂದರೆ ಅವು ಬದುಕಲು ರೆಕ್ಕೆಯಿಂದ ಏನೋ ಬರಬೇಕು. ನಮ್ಮ ಸರ್ವರ್‌ಗಳ ಹಾರ್ಟ್‌ಬೀಟ್ ಇದ್ದಂಗೆ: ಸಿಗ್ನಲ್ ಬಾರದಿದ್ದರೆ ಪ್ರೋಸೆಸ್ ಕೊಂದುಬಿಡು ಅನ್ನೋದೇ ಡೀಫಾಲ್ಟ್. ದೇಹ ಬೇಕಾದ್ದಕ್ಕಿಂತ ಹೆಚ್ಚು ನರಕೋಶ ಹುಟ್ಟಿಸುತ್ತದೆ. ಸಿಗ್ನಲ್ ಸಿಕ್ಕವು ಮಾತ್ರ ಉಳಿಯುತ್ತವೆ.

ತಪ್ಪು ತೋರಿಸಿದವಳನ್ನು ಹ್ಯಾಂಬರ್ಗರ್ ತಮ್ಮ ಸೇಂಟ್ ಲೂಯಿಸ್ ಲ್ಯಾಬಿಗೇ ಕರೆಸಿಕೊಂಡರು, ಯುದ್ಧ ಮುಗಿದ ಮೇಲೆ. ಕೆಲವು ತಿಂಗಳಿಗೆಂದು ಹೋದವಳು ದಶಕಗಳೇ ಉಳಿದಳು. ಇಲಿಯ ಒಂದು ಗಡ್ಡೆಯ ಪಕ್ಕದಲ್ಲಿಟ್ಟ ನರಗಳು ಸೂರ್ಯನ ಕಿರಣದ ಹಾಗೆ ಸುತ್ತಲೂ ಚಾಚಿಕೊಳ್ಳುವುದನ್ನು 1952ರಲ್ಲಿ ರಿಯೋ ಡಿ ಜನೈರೋದಲ್ಲಿ ಕಂಡಳು. ಆ ಗಡ್ಡೆ ಸೂಸುವ ವಸ್ತುವನ್ನು ಶುದ್ಧಗೊಳಿಸಲು ಸ್ಟ್ಯಾನ್ಲಿ ಕೋಹನ್ ಸೇರಿದರು. ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯಲೆಂದು ಹಾವಿನ ವಿಷ ಬೆರೆಸಿದರೆ ನರಗಳು ಇನ್ನೂ ಜೋರಾಗಿ ಬೆಳೆದವು! ವಿಷದಲ್ಲೇ ಆ ವಸ್ತು ಗಡ್ಡೆಗಿಂತ ಹೇರಳವಾಗಿತ್ತು. ಹಾವಿನ ವಿಷಗ್ರಂಥಿ ಅಂದರೆ ಜೊಲ್ಲುಗ್ರಂಥಿಯ ಸೋದರ ತಾನೆ ಅಂತ ಗಂಡಿಲಿಯ ಜೊಲ್ಲುಗ್ರಂಥಿಯಲ್ಲಿ ಹುಡುಕಿದರು. ಅಲ್ಲೂ ಧಾರಾಳ. ಅದೊಂದು ಪುಟ್ಟ ಪ್ರೋಟೀನ್, ಹೆಸರು ನರ್ವ್ ಗ್ರೋತ್ ಫ್ಯಾಕ್ಟರ್.

1986ರಲ್ಲಿ ನೊಬೆಲ್ ಬಂತು, ರೀಟಾ ಮತ್ತು ಕೋಹನ್‌ಗೆ. ಹ್ಯಾಂಬರ್ಗರ್ ಹೆಸರಿರಲಿಲ್ಲ. ಅದು ನನಗೆ ಇವತ್ತಿಗೂ ಸರಿ ಕಂಡಿಲ್ಲ.