ದಂಡಿಗನಹಳ್ಳಿಯಿಂದ ಮಂಜರಾಬಾದಿಗೆ

ನಮ್ಮೂರು ದಂಡಿಗನಹಳ್ಳಿಯ ಹೆಸರಿನಲ್ಲಿ ನನಗೆ ದಂಡಿನ ಸದ್ದೂ ಕೇಳುತ್ತದೆ, ದಂಡಿಗೆ ಹೊತ್ತವರ ಹೆಜ್ಜೆಯ ಸದ್ದೂ ಕೇಳುತ್ತದೆ. ಊರಿನ ಸುತ್ತಲ ಸೀಮೆಯೇ ಹಾಗಿದೆ. ಒಂದು ಕಡೆ ಚನ್ನರಾಯಪಟ್ಟಣ. ಕೊಳತೂರು ಎಂಬ ಅಗ್ರಹಾರವಾಗಿದ್ದ ಅದನ್ನು 1600ರ ಸುಮಾರಿಗೆ ಹೊಳೆನರಸೀಪುರದ ನಾಯಕರು ವಶಪಡಿಸಿಕೊಂಡು ಮಗ ಚನ್ನರಾಯನ ಹೆಸರಿಟ್ಟರು. ಅಲ್ಲೊಂದು ಕೋಟೆ ಎದ್ದಿತು. ಮುಂದೆ ಹೈದರಾಲಿ ಅದರ ಸುತ್ತ ನೀರು ನಿಲ್ಲುವ ಕಂದಕ ತೋಡಿಸಿದ. ಇನ್ನೊಂದು ಕಡೆ ಹೇಮಾವತಿ ದಂಡೆಯ ಹೊಳೆನರಸೀಪುರ. ಅಲ್ಲಿಯ ಕೋಟೆಯನ್ನು ನರಸಿಂಹ ನಾಯಕ 1168ರಲ್ಲಿ ಕಟ್ಟಿಸಿದನೆಂದು ಹಳೆಯ ಗೆಜೆಟಿಯರು ಹೇಳುತ್ತದೆ. 1667ರಲ್ಲಿ ಅದು ಮೈಸೂರಿನವರ ಕೈಸೇರಿತು. ಊರುಗಳು ಬೆಳೆದಂತೆ ಈ ಕೋಟೆಗಳು ಸವೆದವು. ನಮ್ಮ ಹಾಸನ ಜಿಲ್ಲೆಯಲ್ಲಿ ಕೋಟೆಯನ್ನು ಕೋಟೆಯ ರೂಪದಲ್ಲೇ ನೋಡಬೇಕೆಂದರೆ ಪಡುವಣಕ್ಕೆ, ಸಕಲೇಶಪುರ ದಾಟಿ ಮಂಜರಾಬಾದಿಗೆ ಹೋಗಬೇಕು.

ನಾನು ಮೊದಲು ಅಲ್ಲಿಗೆ ಹೋದದ್ದು ಶಾಲೆಯ ಪ್ರವಾಸದಲ್ಲಿ. ರಾಗಿ ಹೊಲ, ತೆಂಗಿನ ತೋಟ ನೋಡಿ ಬೆಳೆದ ನಮಗೆ ಹಾಸನ ದಾಟಿದ ಮೇಲೆ ಗಾಳಿಯೇ ಬೇರೆ ಅನ್ನಿಸಿತ್ತು. ಮಂಗಳೂರು ಹೆದ್ದಾರಿಯ ಮಗ್ಗುಲಲ್ಲಿ, ದೋಣಿಗಾಲಿನ ಹತ್ತಿರ ಬಸ್ಸು ನಿಂತಿತು. ಮೆಟ್ಟಿಲು ಹತ್ತಿದೆವು. ಮೇಲೆ ಬಂದಾಗ ಕೋಟೆಯೇ ಇಲ್ಲ! ಮಂಜು. ನಾಲ್ಕು ಮಾರು ಮುಂದೆ ನಿಂತಿದ್ದ ಮೇಷ್ಟ್ರು ಸಹ ಬರಿಯ ದನಿಯಾಗಿದ್ದರು. ಸ್ವಲ್ಪ ಹೊತ್ತಿಗೆ ಮಂಜು ಸರಿದು ಕರಿಗಲ್ಲಿನ ಗೋಡೆ ತುಂಡು ತುಂಡಾಗಿ ಹೊರಗೆ ಬಂತು.

ಈ ಊರಿಗೆ ಹೆಸರು ಬಂದದ್ದೂ ಹೀಗೆಯೇ ಎನ್ನುತ್ತಾರೆ. ಕೋಟೆ ಕಟ್ಟಿ ಮುಗಿದದ್ದು 1792ರಲ್ಲಿ. ನೋಡಲು ಬಂದ ಟಿಪ್ಪು ಸುಲ್ತಾನನ ಕಣ್ಣಿಗೆ ಬಿದ್ದದ್ದು ಬರೀ ಮಂಜು. ಹಾಗಾಗಿ ಮಂಜರಾಬಾದ್ ಎಂದು ಕರೆದನಂತೆ. ಪಾರಸಿ ಬಲ್ಲವರು ಇನ್ನೊಂದು ಮಾತು ಹೇಳಬಹುದು: ಅಲ್ಲಿ 'ಮಂಜರ್' ಎಂದರೆ ಕಣ್ಣಿಗೆ ಕಾಣುವ ನೋಟ. ಕನ್ನಡದಲ್ಲಿ ಕೇಳಿದರೆ ಏನೂ ಕಾಣದ ಊರು, ಪಾರಸಿಯಲ್ಲಿ ಕೇಳಿದರೆ ಎಲ್ಲವೂ ಕಾಣುವ ಊರು. ಗುಡ್ಡದ ಮೇಲೆ ಒಂದು ಗಳಿಗೆ ನಿಂತವರಿಗೆ ಎರಡೂ ನಿಜವೆಂದು ಗೊತ್ತಾಗುತ್ತದೆ. ನನಗಂತೂ ಮಂಜಿನ ಕಥೆಯೇ ಹೆಚ್ಚು ಪ್ರೀತಿ.

ಕೋಟೆಗೆ ಎಂಟು ಮೂಲೆ. ಮೇಲಿನಿಂದ ನೋಡಿದರೆ ನೆಲಕ್ಕಿಟ್ಟ ನಕ್ಷತ್ರ. ಇದು ಅಂದಕ್ಕಾಗಿ ಮಾಡಿದ್ದಲ್ಲ. ಫಿರಂಗಿ ಬಂದ ಮೇಲೆ ಎತ್ತರದ, ನೇರ ಗೋಡೆಯ ಕೋಟೆಗಳ ಆಟ ಮುಗಿದಿತ್ತು. ಗೋಡೆಯ ಬುಡಕ್ಕೆ ನುಸುಳಿದ ಶತ್ರುವಿಗೆ ಮೇಲಿನವರ ಗುಂಡು ತಾಗುತ್ತಿರಲಿಲ್ಲ. ಗೋಡೆಯನ್ನು ಚೂಪು ಮೂಲೆಗಳಾಗಿ ಮುರಿದರೆ ಒಂದು ಮೂಲೆಯವರು ಪಕ್ಕದ ಮೂಲೆಯ ಬುಡವನ್ನು ಕಾಯಬಹುದು. ಅಡಗಲು ಎಡೆಯೇ ಇಲ್ಲ. ಫ್ರಾನ್ಸಿನ ವೋಬಾನ್ ಎಂಬ ಎಂಜಿನಿಯರು ಹದಿನೇಳನೆಯ ಶತಮಾನದಲ್ಲಿ ಪಳಗಿಸಿದ ವಿದ್ಯೆ ಇದು. ಟಿಪ್ಪುವಿನ ಬಳಿ ಫ್ರೆಂಚರಿದ್ದರು. ವಿದ್ಯೆ ಮಲೆನಾಡಿಗೆ ಬಂತು. ಒಳಗೆ ನಡುಮಧ್ಯೆ ಶಿಲುಬೆಯಾಕಾರದ ಕೊಳ, ಅದಕ್ಕೆ ಇಳಿಯಲು ಮೆಟ್ಟಿಲು. ಮದ್ದು ಇಡಲು ನೆಲದಡಿಯ ಕೋಣೆಗಳು. ಸುಡುಬಿಸಿಲಲ್ಲೂ ಅಲ್ಲಿ ತಣ್ಣಗಿರುತ್ತದೆ.

ಇಷ್ಟು ಕಟ್ಟಿದವನಿಗೆ ಅದು ಒದಗಲಿಲ್ಲ. ಇಂಗ್ಲಿಷರಿಗೂ ಅವರ ಜೊತೆಗಾರರಿಗೂ ಸೋತು, ಅದೇ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಏಳು ವರ್ಷಕ್ಕೆ ಅವನೇ ಇಲ್ಲವಾದ.

ಇಲ್ಲಿ ನಾವು ಮರೆಯುವ ಒಂದು ಹೆಸರಿದೆ, ಅದು ನನ್ನನ್ನು ಕಾಡುತ್ತದೆ. ಈ ಸೀಮೆ ಟಿಪ್ಪುವಿಗಿಂತ ಮೊದಲು ಬಲಂ ಪಾಳೆಯಗಾರರದು, ಐಗೂರಿನ ನಾಯಕರದು. ಟಿಪ್ಪುವಿನ ವಿರುದ್ಧದ 1792ರ ಆ ಯುದ್ಧದಲ್ಲಿ ಈ ನಾಯಕರಲ್ಲೊಬ್ಬನಾದ ಕೃಷ್ಣಪ್ಪ ನಾಯಕ ಮರಾಠರ ಪರಶುರಾಮ ಭಾವುವಿನ ದಂಡು ಸೇರಿದ. ಶಾಂತಿಯಾದ ಮೇಲೆ ಟಿಪ್ಪುವಿನ ಕೋಪಕ್ಕೆ ಹೆದರಿ ಕೊಡಗಿಗೆ ಓಡಿದ. ಟಿಪ್ಪು ಅವನನ್ನು ಕರೆಸಿ ಐಗೂರು ಸೀಮೆಯನ್ನಷ್ಟೇ ಕೊಟ್ಟು ಉಳಿದದ್ದನ್ನು ತನ್ನದಾಗಿಸಿಕೊಂಡ. 1799ರ ನಂತರ ಅವನ ಮಗ ವೆಂಕಟಾದ್ರಿ ನಾಯಕ ಯಾರಿಗೂ ತಲೆಬಾಗುವುದಿಲ್ಲವೆಂದು ಕಾಡು ಹಿಡಿದು ನಿಂತ. ಅವನ ಮೇಲೆ ದಂಡೆತ್ತಿ ಬಂದವನು ಇಂಗ್ಲಿಷರ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ಸೇನಾನಿ. 1802ರಲ್ಲಿ ವೆಂಕಟಾದ್ರಿ ನಾಯಕನನ್ನು ಗಲ್ಲಿಗೇರಿಸಿದರು. ಕೋಟೆ ನೋಡಲು ಬರುವವರಿಗೆ ಈ ಹೆಸರನ್ನೂ ಹೇಳಬೇಕು.

ಕಥೆಗಳಲ್ಲಿ ಎಲ್ಲರ ಬಾಯಲ್ಲಿರುವುದು ಸುರಂಗದ್ದು. ಕೋಟೆಯೊಳಗಿಂದ ಶ್ರೀರಂಗಪಟ್ಟಣಕ್ಕೆ ಗುಪ್ತ ದಾರಿಯಿತ್ತಂತೆ, ಕುದುರೆಯ ಮೇಲೆ ಕೂತೇ ಹೋಗಬಹುದಿತ್ತಂತೆ. ನೂರು ಕಿಲೋಮೀಟರಿಗೂ ಮಿಕ್ಕಿದ ದೂರ! ನೆಲದಡಿಯ ಆ ತಂಪು ಕೋಣೆಗಳ ಕತ್ತಲೆಯೇ ಈ ಕಥೆಯ ತಾಯಿ ಎಂದು ನನ್ನ ಎಣಿಕೆ. ದೂರದ ಸ್ಕಾಟ್ಲೆಂಡಿನ ಎಡಿನ್‌ಬರೋ ಕೋಟೆಗೂ ಇಂಥದೇ ಕಥೆಯಿದೆ. ಕೋಟೆಯಿಂದ ಅರಮನೆಯ ಕಡೆಗೆ ಹೋಗುವ ಸುರಂಗದೊಳಕ್ಕೆ ಒಬ್ಬ ಹುಡುಗನನ್ನು ವಾದ್ಯ ಊದುತ್ತಾ ಹೋಗಲು ಕಳಿಸಿದರಂತೆ. ಜನ ಮೇಲೆ ಬೀದಿಯಲ್ಲಿ ಆ ಸದ್ದನ್ನು ಹಿಂಬಾಲಿಸಿ ನಡೆದರು. ಅರ್ಧ ದಾರಿಯಲ್ಲಿ ಸದ್ದು ನಿಂತಿತು, ಹುಡುಗ ಮರಳಲಿಲ್ಲ. ಆ ಸ್ಕಾಟ್ಲೆಂಡಿನ ಜಮೀನುದಾರ ಮನೆತನದ ರಾಬರ್ಟ್ ಎಲಿಯಟ್ 1850ರ ದಶಕದಲ್ಲಿ ಇದೇ ಮಂಜರಾಬಾದ್ ಸೀಮೆಗೆ ಬಂದು ಕಾಫಿ ತೋಟ ಮಾಡಿದ, ಇಲ್ಲಿಯ ಬದುಕಿನ ಬಗ್ಗೆ 1871ರಲ್ಲಿ ಪುಸ್ತಕ ಬರೆದ. ತೋಟದ ಕೂಲಿಯವರು ಅವನಿಗೆ ಸುರಂಗದ ಕಥೆ ಹೇಳಿದ್ದರೆ ಅವನಿಗೆ ತನ್ನ ನಾಡಿನ ನೆನಪಾಗದೆ ಇರುತ್ತಿರಲಿಲ್ಲ.

ನಮ್ಮ ಅಜ್ಜಿ ಈ ಕಥೆಯನ್ನು ಪೂರ್ತಿ ನಂಬಿದ್ದರು. ಪ್ರವಾಸ ಮುಗಿಸಿ ಬಂದ ರಾತ್ರಿ "ಸುರಂಗದೊಳಕ್ಕೆ ಇಳಿದೆಯೇನೋ ಮಗ?" ಎಂದು ಕೇಳಿದ್ದರು. ಇಲ್ಲ ಅಂದಾಗ ಮುಖ ಸಣ್ಣದು ಮಾಡಿಕೊಂಡರು. ಆದರೆ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ನಿಜವಾದ ಸುರಂಗವೊಂದಿದೆ, ಬಾಗೂರು-ನವಿಲೆಯದು, ಸುಮಾರು ಹತ್ತು ಕಿಲೋಮೀಟರು. ಸಕಲೇಶಪುರದ ಮಗ್ಗುಲಲ್ಲಿ ಹರಿದು, ಗೊರೂರಿನ ಅಣೆಕಟ್ಟೆಯಲ್ಲಿ ನಿಂತ ಹೇಮಾವತಿ ಅದರೊಳಗೆ ನುಗ್ಗಿ ತುಮಕೂರಿನ ಕಡೆಗೆ ಹೋಗುತ್ತಾಳೆ. ಮಲೆನಾಡಿಗೆ ಮಳೆ ಹಿಡಿದಾಗ ನಾಲೆಯ ನೀರು ಕೆಂಪಾಗುತ್ತದೆ. ಆಗ ಏರಿಯ ಮೇಲೆ ನಿಂತು ನೋಡುತ್ತಾ, ಮೇಲೆ ಕೋಟೆಗೆ ಮಂಜು ಕವಿದಿರಬೇಕು ಅಂದುಕೊಳ್ಳುತ್ತೇನೆ.