ಚಿಕ್ಕಪ್ಪನೆನಿಸಿಕೊಂಡ ತಂದೆ

ಅಜ್ಞಾತವಾಸವೆಂದೊಡನೆ ನಮಗೆ ನೆನಪಾಗುವುದು ವಿರಾಟನಗರ. ಪಾಂಡವರು ಅಲ್ಲಿ ಹೆಸರು, ವೇಷ, ವೃತ್ತಿ ಎಲ್ಲವನ್ನೂ ಬದಲಿಸಿಕೊಂಡರು; ಆದರೆ ಮಕ್ಕಳನ್ನು ಜೊತೆಗೆ ಕರೆದೊಯ್ಯಲಿಲ್ಲ. ಅದರಲ್ಲಿದ್ದ ವಿವೇಕ ಎಂಥದೆಂಬುದನ್ನು ಕಳೆದ ಶತಮಾನದ ಒಂದು ಕುಟುಂಬದ ಚರಿತ್ರೆ ತೋರಿಸಿಕೊಡುತ್ತದೆ.

1950ರಲ್ಲಿ ರಿಕಾರ್ಡೊ ಕ್ಲೆಮೆಂಟ್ ಎಂಬ ಹೆಸರು ಹೊತ್ತು ಒಬ್ಬಾತ ಅರ್ಜೆಂಟೀನಾಕ್ಕೆ ಬಂದಿಳಿದ. ಅವನ ನಿಜನಾಮ ಅಡಾಲ್ಫ್ ಐಖ್‌ಮನ್. ಯೂರೋಪಿನ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಕೊಲೆಯ ಶಿಬಿರಗಳಿಗೆ ಸಾಗಿಸುವ ಏರ್ಪಾಟನ್ನು ನಡೆಸಿದ ನಾಟ್ಸಿ ಅಧಿಕಾರಿ ಅವನೇ. 1952ರಲ್ಲಿ ಹೆಂಡತಿಯೂ ಮೂವರು ಗಂಡುಮಕ್ಕಳೂ ಬಂದು ಅವನನ್ನು ಸೇರಿದರು. ಹಿರಿಯ ಮಗ ಕ್ಲಾಸ್‌ನಿಗೆ ಆಗ 16 ವರ್ಷ. ಬಂದ ಮಕ್ಕಳಿಗೆ, 'ಇವರು ರಿಕಾರ್ಡೊ ಚಿಕ್ಕಪ್ಪ' ಎಂದು ತಂದೆಯನ್ನೇ ತೋರಿಸಲಾಯಿತು. ಆದರೆ ಒಂದು ವಿಚಿತ್ರ ನೋಡಿ: ತಂದೆ ತನ್ನ ಹೆಸರನ್ನು ಬದಲಿಸಿಕೊಂಡ, ಮಕ್ಕಳು ಮಾತ್ರ ಐಖ್‌ಮನ್ ಎಂಬ ಹೆಸರಿನಲ್ಲಿಯೇ ಬೆಳೆದರು.

ಬ್ಯೂನಸ್ ಐರಿಸ್ ಬಳಿಯ ಓಲಿವೋಸ್‌ನಲ್ಲಿ ಲೋಥಾರ್ ಹೆರ್ಮನ್ ಎಂಬ ಜರ್ಮನ್ ವಲಸೆಗಾರರಿದ್ದರು. ಯಹೂದಿ ಮೂಲದವರು; ದಾಖಾವು ಶಿಬಿರದಲ್ಲಿ ಸೆರೆಯಾಗಿದ್ದವರು; ಆ ವೇಳೆಗೆ ಕಣ್ಣು ಕಾಣದವರು. ಅವರ ಹದಿಹರೆಯದ ಮಗಳೊಡನೆ ಕ್ಲಾಸ್‌ನಿಗೆ ಸ್ನೇಹ ಬೆಳೆಯಿತು. ಮನೆಯವರ ಮೂಲವನ್ನರಿಯದೆ ಆತ, ಯಹೂದಿಗಳ ನಾಶವನ್ನು ಜರ್ಮನರು ಪೂರ್ತಿಗೊಳಿಸಿದ್ದರೆ ಚೆನ್ನಾಗಿತ್ತೆಂದು ಅವರ ಮುಂದೆಯೇ ಆಡಿದ.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕರೂಢಿ. ಈ ಹುಡುಗ ಹೆಗಲು ಮುಟ್ಟಿಕೊಳ್ಳಲಿಲ್ಲ. ಕಾಯನ್ನೇ ಹೊತ್ತು ಮೆರೆದ.

ಜರ್ಮನಿಯ ಮೊಕದ್ದಮೆಯೊಂದರ ವರದಿಯಲ್ಲಿ ಐಖ್‌ಮನ್ ಹೆಸರು ಬಂದಾಗ ಹೆರ್ಮನ್‌ರಿಗೆ ಸಂಶಯ ಹುಟ್ಟಿತು. 1957ರಲ್ಲಿ ಅವರು ತಿಳಿಸಿದ ಸುದ್ದಿ ಫ್ರಾಂಕ್‌ಫರ್ಟಿನ ಸರ್ಕಾರಿ ಅಭಿಯೋಜಕ ಫ್ರಿಟ್ಸ್ ಬಾವರ್‌ರನ್ನು ಮುಟ್ಟಿತು. ಸ್ವದೇಶದ ಅಧಿಕಾರಿಗಳಲ್ಲಿ ನಂಬಿಕೆಯಿಲ್ಲದ ಬಾವರ್ ಅದನ್ನು ಇಸ್ರೇಲಿಗೆ ತಲುಪಿಸಿದರು. ಹೆರ್ಮನ್‌ರ ಮಗಳು ಧೈರ್ಯಮಾಡಿ ಆ ಮನೆಗೆ ಹೋದಳು. ಅಲ್ಲಿದ್ದ ಹಿರಿಯ ತಾನು ಹುಡುಗನ ಚಿಕ್ಕಪ್ಪನೆಂದ. ಅಷ್ಟರಲ್ಲಿ ಬಂದ ಕ್ಲಾಸ್ ಅವನನ್ನು 'ಅಪ್ಪ' ಎಂದು ಕರೆದನೆಂಬುದು ಅವಳು ಕೊಟ್ಟ ಹೇಳಿಕೆ. ಆದರೂ ಬಡತನದ ಆ ಮನೆಯನ್ನು ಕಂಡ ಇಸ್ರೇಲಿ ಗುಪ್ತಚರರು ಮೊದಲು ನಂಬಲಿಲ್ಲ. ಕೊನೆಗೆ 1960ರ ಮೇ 11ರಂದು ಐಖ್‌ಮನ್ ಸೆರೆಸಿಕ್ಕಿದ. 1961ರಲ್ಲಿ ಜೆರೂಸಲೇಮಿನಲ್ಲಿ ವಿಚಾರಣೆ ನಡೆಯಿತು, 1962ರಲ್ಲಿ ಗಲ್ಲಾಯಿತು.

ಹೆರ್ಮನ್‌ರ ಮನೆಯವರೂ ತಮ್ಮ ಹಿಂದಣ ಬಾಳನ್ನು ಊರಿಗೆ ಸಾರಿ ಹೇಳಿಕೊಂಡವರಲ್ಲ. ನೊಂದವರು ನೋವನ್ನು ಮರೆಸಿಕೊಂಡು ಬಾಳುತ್ತಿದ್ದರು; ನೋಯಿಸಿದವನ ಮಗ ಎದೆಯುಬ್ಬಿಸಿ ಮಾತಾಡುತ್ತಿದ್ದ. ಕ್ಲಾಸ್ ಬಾಯಿ ಸಡಿಲಬಿಟ್ಟದ್ದರಿಂದಲೇ ಗುಟ್ಟು ಒಡೆಯಿತೆನ್ನುವುದು ಸುಲಭ. ಆದರೆ ಆ ಮನೆಯಲ್ಲಿ ಅವನಿಗೆ ಕಲಿಸಿದ್ದು ಸುಳ್ಳನ್ನು ಮಾತ್ರ, ನಾಚಿಕೆಯನ್ನಲ್ಲ. ಪೋಲೀಸರ ಭಯದಿಂದ ಮುಚ್ಚಿಟ್ಟ ಪಾಪವನ್ನು ಮಕ್ಕಳು ಪಾಪವೆಂದು ತಿಳಿಯುವ ಬಗೆಯೆಂತು? ಅವರಿಗೆ ಅದು ಮನೆತನದ ಹೆಮ್ಮೆಯಾಗಿ ಉಳಿಯುತ್ತದೆ. ಹೆಮ್ಮೆ ಹೆಚ್ಚು ದಿನ ಬಾಯಿಮುಚ್ಚಿಕೊಂಡು ಇರಲಾರದು.