ಅಡಿಕೆಯ ಸೊಕ್ಕು, ಬೂಳ್ಯದ ಹೊಣೆ

ಸುಳ್ಯ ಸೀಮೆಯ ಅರಂತೋಡು, ತೊಡಿಕಾನ, ಸಂಪಾಜೆಯ ಕಡೆ ಅಡಿಕೆ ಎಂದೊಡನೆ ಮಾತು ಹೊರಳುವುದು ಧಾರಣೆಯತ್ತ, ಇಲ್ಲವೇ ತೋಟಗಳನ್ನು ನುಂಗುತ್ತಿರುವ ಹಳದಿ ಎಲೆ ರೋಗದತ್ತ. ಅದು ಮನಸ್ಸನ್ನು ಕೆರಳಿಸುವ ಕಾಯಿ ಕೂಡ ಎಂಬುದು ಹಿಂದೆ ಸರಿದುಬಿಡುತ್ತದೆ. ಅಡಿಕೆಯ ಅರೆಕೋಲಿನ್ ನೇರವಾಗಿ ನರಗಳ ಮೇಲೆ ಕೆಲಸ ಮಾಡುತ್ತದೆ. ಸುಣ್ಣ ಕೂಡಿದರೆ ಅದರ ಪರಿಣಾಮ ಇನ್ನೂ ಚುರುಕು. ಅಭ್ಯಾಸವಿಲ್ಲದವನು ಜಗಿದರೆ ಕಿವಿ ಬಿಸಿಯಾಗಿ, ಹಣೆ ಬೆವರಿ, ತಲೆ ತಿರುಗುತ್ತದೆ. ಅಡಿಕೆ ಸೊಕ್ಕಿತು ಎನ್ನುತ್ತಾರೆ. ಹೀಗೆ ಸೊಕ್ಕುತ್ತದೆಂದು ಚೆನ್ನಾಗಿ ಬಲ್ಲ ಸಮಾಜವೇ ಅದನ್ನು ಹೊಣೆಗಾರಿಕೆಯ ಗುರುತಾಗಿಸಿಕೊಂಡಿತು. ಇಲ್ಲಿನ ಎಲೆ-ಅಡಿಕೆಯ ಚರಿತ್ರೆಯಲ್ಲಿ ಚಟಕ್ಕಿಂತ ಈ ಗುರುತೇ ಮುಖ್ಯವೆಂದು ನನಗೆ ಕಾಣುತ್ತದೆ.

ದೈವಾರಾಧನೆಯನ್ನೇ ನೋಡಿ. ಕೋಲ ಕಟ್ಟುವವರು ಎಣ್ಣೆ ಬೂಳ್ಯ, ಅಂದರೆ ಎಣ್ಣೆ ಮತ್ತು ವೀಳ್ಯ, ಪಡೆದ ಮೇಲೆಯೇ ಬಣ್ಣಕ್ಕೆ ಕೂರುವುದು. ಕೈಗೆ ಎಲೆ-ಅಡಿಕೆ ಬಂತೆಂದರೆ ಆ ರಾತ್ರಿಯ ಹೊಣೆ ಬಂತು. ಗೌಡರ ಮದುವೆಯಲ್ಲಿ ಸಂಬಂಧ ಗಟ್ಟಿಯಾಗುವುದು ವೀಳ್ಯಶಾಸ್ತ್ರದಲ್ಲಿ. ಅಮಲಿಗೆ ಹಾಕಿದ ಶಾಸ್ತ್ರದ ಹೊದಿಕೆಯಷ್ಟೇ ಇದು ಎಂದು ಯಾರಾದರೂ ವಾದಿಸಬಹುದು. ಆದರೆ ಬೂಳ್ಯ ಊರ್ಜಿತವಾಗಲು ಜಗಿಯಬೇಕೆಂದಿಲ್ಲ, ಸ್ವೀಕರಿಸಿದರೆ ಸಾಕು. ನಾಗನ ತಂಬಿಲಕ್ಕೆ ಅದೇ ಮರದ ಹಿಂಗಾರ ಬೇಕೇ ಬೇಕು. ಅದನ್ನು ಯಾರೂ ಜಗಿಯುವುದಿಲ್ಲ. ಅಮಲೇ ಮೂಲವಾಗಿದ್ದರೆ ಹೂವಿಗೆ ಈ ಮರ್ಯಾದೆ ಸಲ್ಲುತ್ತಿತ್ತೇ? ಹಾಗೆಂದು ಜನ ರುಚಿಗಷ್ಟೇ ಜಗಿದರು ಎನ್ನುವುದೂ ಸುಳ್ಳು. ಗದ್ದೆ ಕೆಲಸದ ನಡುವೆ ದಣಿವು, ಹಸಿವು ಮರೆಯಲು ಎಲೆಗೆ ಸುಣ್ಣ ಸವರಿದವರಿಗೆ ಸೊಕ್ಕೇ ಬೇಕಿತ್ತು.

ಈ ಲೆಕ್ಕವನ್ನು ಕೆಡಿಸಿದ್ದು ಹೊಗೆಸೊಪ್ಪು. ಪೋರ್ಚುಗೀಸರು ಬರುವ ಮೊದಲು ಈ ನಾಡಿಗೆ ಅದರ ಪರಿಚಯವೇ ಇರಲಿಲ್ಲ. 19ನೇ ಶತಮಾನದ ಆರಂಭಕ್ಕೆ ಬರುವಷ್ಟರಲ್ಲಿ ಕೆನರಾ ಮತ್ತು ಮಲಬಾರಿನಲ್ಲಿ ಕಂಪನಿ ಸರ್ಕಾರ ಉಪ್ಪಿನಂತೆ ಹೊಗೆಸೊಪ್ಪಿನ ಮಾರಾಟವನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. ಜನ ಬಿಡಲಾರದ ವಸ್ತುವಿನ ಮೇಲೆ ಮಾತ್ರ ಆಳುವವರಿಗೆ ಇಂಥ ಏಕಸ್ವಾಮ್ಯ ಗಿಟ್ಟುತ್ತದೆ. 1834ರಲ್ಲಿ ಕೊಡಗು ಕಂಪನಿಯ ವಶವಾಯಿತು, ಅದುವರೆಗೆ ಕೊಡಗಿನದಾಗಿದ್ದ ಅಮರಸುಳ್ಯ ಕೆನರಾಕ್ಕೆ ಸೇರಿತು, ಧಾನ್ಯರೂಪದ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾಯಿತು. ಆ ಸಂಕಟವೇ 1837ರ ದಂಗೆಗೆ ದಾರಿ ಮಾಡಿತು. ಏಪ್ರಿಲ್ 5ರಂದು ಸುಳ್ಯ ಸೀಮೆಯ ರೈತರು ಮಂಗಳೂರು ತಲುಪಿದರು. ಕಾಸಿಗೆ ಅಷ್ಟು ಪರದಾಡುತ್ತಿದ್ದ ಮನೆಗಳಲ್ಲೂ ಹೊಗೆಸೊಪ್ಪು ಕಾಸು ಕೊಟ್ಟೇ ತರಬೇಕಾದ ಸರಕು. ಎಲೆ, ಅಡಿಕೆ ಹಾಗಲ್ಲ, ಹಿತ್ತಲಲ್ಲೇ ಸಿಗುತ್ತಿದ್ದವು. ಬೂಳ್ಯದ ತಟ್ಟೆಯಲ್ಲಿ ಹೊಗೆಸೊಪ್ಪಿಗೆ ಇಂದಿಗೂ ಜಾಗವಿಲ್ಲ.

ಹಾಗಾದರೆ ದೋಷವೆಲ್ಲ ಹೊಗೆಸೊಪ್ಪಿನದೇ? ಅಲ್ಲ. ಹೊಗೆಸೊಪ್ಪಿಲ್ಲದ ತಾಂಬೂಲದ ಜಗಿತವೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಬದುಕುವ ಊರುಗಳಿಗೆ ಇದು ಕಹಿ, ಆದರೂ ಮುಚ್ಚಿಡಬೇಕಾದ ಮಾತಲ್ಲ. ಇದನ್ನು ಒಪ್ಪಿದರೆ ಸಂಪ್ರದಾಯ ಉಳಿಯುವುದಿಲ್ಲ ಎಂಬ ಭಯಕ್ಕೆ ಮಾತ್ರ ಆಧಾರವಿಲ್ಲ. ಎಣ್ಣೆ ಬೂಳ್ಯಕ್ಕೂ ವೀಳ್ಯಶಾಸ್ತ್ರಕ್ಕೂ ಬೇಕಾದದ್ದು ಕೈಯಿಂದ ಕೈಗೆ ದಾಟುವ ಅಡಿಕೆ, ದವಡೆಯಲ್ಲಿ ದಿನವಿಡೀ ಕೂರುವ ಅಡಿಕೆಯಲ್ಲ.